ಯಾವ ಜೇಡ ಎಂದು ಕೇಳುವ ಮುನ್ನ

ಜೇಡ ಕಂಡರೆ ಪೊರಕೆ ಹುಡುಕುತ್ತಿದ್ದ ಕಾಲ ಪೂರ್ತಿ ಹೋಗಿಲ್ಲ. ಆದರೆ ಜೇಡ ಕಂಡರೆ ಮೊಬೈಲ್ ಹುಡುಕುವವರೂ ಈಗ ಸಾಕಷ್ಟಿದ್ದಾರೆ. ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಣ್ಣುಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ ಚಿತ್ರವನ್ನು ಮನೆಯ ಕಿಟಕಿಯ ಬಳಿಯೇ ತೆಗೆಯಬಹುದು. ಕಾಲೇಜಿನ ಹುಡುಗ ಹುಡುಗಿಯರು ತಲೆಗೆ ಟಾರ್ಚ್ ಕಟ್ಟಿಕೊಂಡು ಮಳೆಗಾಲದ ರಾತ್ರಿ ತೋಟ ಸುತ್ತುತ್ತಾರೆ. ಇಂಥವರು ಇನ್ನೂ ಹೆಚ್ಚಲಿ. ನನ್ನ ತಕರಾರು ಇರುವುದು ಅವರ ಮೊದಲ ಪ್ರಶ್ನೆಯ ಬಗ್ಗೆ. ಚಿತ್ರ ತೆಗೆದಾಯಿತು, ಬಲೆ ಹೇಗಿತ್ತು ಎಂದು ನೋಡಲಿಲ್ಲ, ಅದು ಏನು ತಿನ್ನುತ್ತಿತ್ತು ಎಂದು ಗಮನಿಸಲಿಲ್ಲ. "ಇದರ ಹೆಸರೇನು?" ಎಂದು ಕೇಳಿಬಿಡುತ್ತಾರೆ. ಯಾರಾದರೂ ಎರಡು ಪದದ ಲ್ಯಾಟಿನ್ ಹೆಸರು ಹೇಳಿದರೆ ಮನಸ್ಸಿಗೆ ಸಮಾಧಾನ, ಪಟ್ಟಿಗೊಂದು ಸೇರ್ಪಡೆ.

ಈ ಅಭ್ಯಾಸ ಬಂದದ್ದು ಹಕ್ಕಿ ನೋಡುವವರಿಂದ. ಭಾರತದಲ್ಲಿ 1,300ಕ್ಕೂ ಹೆಚ್ಚು ಬಗೆಯ ಹಕ್ಕಿಗಳಿವೆ; ಅವುಗಳಲ್ಲಿ ಬಹುಪಾಲನ್ನು ಬಣ್ಣ, ಕೊಕ್ಕು, ಕೂಗು ನೋಡಿ ಕೇಳಿ ಹೇಳಿಬಿಡಬಹುದು. ಸಲೀಂ ಅಲಿಯವರ ಪುಸ್ತಕ 1941ರಲ್ಲೇ ಬಂತು. ಕನ್ನಡದಲ್ಲಿ ತೇಜಸ್ವಿಯವರ ಹಕ್ಕಿ ಪುಸ್ತಕಗಳನ್ನು ಓದಿಯೇ ಎಷ್ಟೋ ಜನ ದುರ್ಬೀನು ಹಿಡಿದರು. ಹಕ್ಕಿಯ ವಿಷಯದಲ್ಲಿ ನೋಡುವುದಕ್ಕೂ ಹೆಸರು ಹೇಳುವುದಕ್ಕೂ ನಡುವೆ ಅಂತರ ಕಡಿಮೆ. ಆದ್ದರಿಂದಲೇ ಅಲ್ಲಿ ಪಟ್ಟಿಯ ಚಟಕ್ಕೆ ಒಂದು ಅರ್ಥವಿದೆ.

ಜೇಡ ಹಾಗೆ ಬಗ್ಗುವ ಪ್ರಾಣಿಯಲ್ಲ. ಜಗತ್ತಿನ ಜೇಡಗಳ ಲೆಕ್ಕವನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಇಟ್ಟುಕೊಂಡಿದೆ. ಆ ಲೆಕ್ಕ 50,000 ಮುಟ್ಟಿದ್ದು 2022ರ ಏಪ್ರಿಲ್‌ನಲ್ಲಿ. ಐವತ್ತು ಸಾವಿರದ ಸ್ಥಾನ ದಕ್ಕಿದ್ದು ಬ್ರೆಜಿಲ್ಲಿನ ಒಂದು ನೆಗೆಯುವ ಜೇಡಕ್ಕೆ. ಭಾರತದ ಪಾಲು 1,900ಕ್ಕೂ ಹೆಚ್ಚು. ಸಂಖ್ಯೆ ದೊಡ್ಡದಿರುವುದು ಅಂಥ ಅಡ್ಡಿಯೇನಲ್ಲ. ಅಡ್ಡಿ ಇರುವುದು ಬೇರೆಡೆ. ಬಹಳಷ್ಟು ಜೇಡಗಳನ್ನು ಪ್ರಭೇದದ ಮಟ್ಟದಲ್ಲಿ ಖಚಿತವಾಗಿ ಹೇಳಬೇಕಾದರೆ ಅವುಗಳ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಗಂಡಿನಲ್ಲಿ ಅದು ಬಾಯಿಯ ಪಕ್ಕದ ಪುಟ್ಟ ಕೈಗಳಲ್ಲಿ, ಅಂದರೆ ಪೆಡಿಪಾಲ್ಪ್‌ಗಳಲ್ಲಿ ಇರುತ್ತದೆ. ವಯಸ್ಸಿಗೆ ಬಂದ ಗಂಡು ಜೇಡವನ್ನು ಹತ್ತಿರದಿಂದ ನೋಡಿದರೆ ಆ ಕೈಗಳ ತುದಿ ಊದಿಕೊಂಡು, ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡ ಹಾಗೆ ಕಾಣುತ್ತದೆ. ಆ ಉಬ್ಬಿನೊಳಗಿನ ಮುಳ್ಳು, ಸುರುಳಿ, ಕೊಕ್ಕೆಗಳ ಆಕಾರವೇ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು. ಹೆಣ್ಣಿನಲ್ಲಿ ಹೊಟ್ಟೆಯ ಕೆಳಭಾಗದ ಗಟ್ಟಿ ಫಲಕವನ್ನು ನೋಡಬೇಕು. ಮರಿಗಳಲ್ಲಿ ಇವೆರಡೂ ಬೆಳೆದಿರುವುದಿಲ್ಲ. ಹಾಗಾಗಿ ಮರಿ ಜೇಡದ ಹೆಸರನ್ನು ಅನೇಕ ಸಲ ಪರಿಣತರೂ ಹೇಳಲಾರರು. ಬೆನ್ನ ಮೇಲಿಂದ ತೆಗೆದ ನಮ್ಮ ಅಂದವಾದ ಫೋಟೊದಲ್ಲಿ ಇದಾವುದೂ ಬಂದಿರುವುದಿಲ್ಲ.

ಇದರ ಜೊತೆಗೆ ಇತಿಹಾಸದ ಒಂದು ಹೊರೆಯೂ ಇದೆ. ಭಾರತದ ಜೇಡಗಳ ಬಗ್ಗೆ ಮೊದಲ ದೊಡ್ಡ ಗ್ರಂಥ ಬರೆದವನು ಆರ್. ಐ. ಪೋಕಾಕ್, 1900ರಲ್ಲಿ. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕುಳಿತು, ಇಲ್ಲಿಂದ ಬಾಟಲಿಯಲ್ಲಿ ಹೋದ ಮಾದರಿಗಳನ್ನು ನೋಡಿ ಬರೆದದ್ದು. ಆ ಕಾಲದ ವಿವರಣೆಗಳು ಬಹಳ ಚಿಕ್ಕವು, ಎಷ್ಟೋ ಕಡೆ ಚಿತ್ರವೂ ಇಲ್ಲ. ಸ್ವಾತಂತ್ರ್ಯಾನಂತರ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಬಿ. ಕೆ. ಟಿಕಾದಾರ್ ದಶಕಗಟ್ಟಲೆ ದುಡಿದು ನೂರಾರು ಜೇಡಗಳನ್ನು ವಿವರಿಸಿದರು. 1987ರಲ್ಲಿ ಅವರ ಕೈಪಿಡಿ ಬಂತು. ಕೊಚ್ಚಿಯ ತೇವರದ ಸೇಕ್ರೆಡ್ ಹಾರ್ಟ್ ಕಾಲೇಜಿನ ಪಿ. ಎ. ಸೆಬಾಸ್ಟಿಯನ್ ಮತ್ತು ಕೆ. ವಿ. ಪೀಟರ್ ಸಂಪಾದಿಸಿದ ಗ್ರಂಥ 2009ರದ್ದು. ಇಷ್ಟಾದರೂ ಅನೇಕ ಪ್ರಭೇದಗಳಿಗೆ ಗಂಡು ಮಾತ್ರ ಗೊತ್ತು ಅಥವಾ ಹೆಣ್ಣು ಮಾತ್ರ ಗೊತ್ತು. ಒಂದೇ ಪ್ರಭೇದದ ಗಂಡಹೆಂಡಿರಿಗೆ ಎರಡು ಬೇರೆ ಹೆಸರು ಬಿದ್ದು, ಆಮೇಲೆ ಒಂದನ್ನು ಹೊಡೆದುಹಾಕಿದ ಪ್ರಸಂಗಗಳು ಜೇಡಶಾಸ್ತ್ರದಲ್ಲಿ ಬೇಕಾದಷ್ಟಿವೆ. ಇಂಥ ಪರಿಸ್ಥಿತಿಯಲ್ಲಿ ಫೋಟೊ ನೋಡಿದ ಕ್ಷಣ ಪ್ರಭೇದದ ಹೆಸರು ಉದುರಿಸುವವರನ್ನು ಕಂಡರೆ ಅನುಮಾನ ಪಡುವುದೇ ಸರಿ. ಈಗ ಆ ಕೆಲಸವನ್ನು ಫೋನಿನ ಆ್ಯಪ್ ಕೂಡ ಮಾಡುತ್ತದೆ, ಇನ್ನೂ ಹೆಚ್ಚಿನ ಧೈರ್ಯದಿಂದ. ಐನ್ಯಾಚುರಲಿಸ್ಟ್‌ನಂಥ ಕಡೆ ಒಂದು ದಾಖಲೆ ಸಂಶೋಧನಾ ದರ್ಜೆಗೆ ಏರಲು ಕನಿಷ್ಠ ಇಬ್ಬರು ಒಪ್ಪಿದರೆ ಸಾಕಾಗಬಹುದು. ಆ್ಯಪ್ ಸೂಚಿಸಿದ ಹೆಸರನ್ನೇ ಇಬ್ಬರೂ ಒತ್ತಿದರೆ? ತಪ್ಪಿಗೆ ಸಾಕ್ಷಿ ಸಮೇತ ಮುದ್ರೆ ಬಿದ್ದಂತಾಯಿತು.

ಹಾಗಾದರೆ ಹವ್ಯಾಸಿಗೆ ಉಳಿಯುವುದೇನು? ಬಹಳ ಉಳಿಯುತ್ತದೆ. ಪ್ರಭೇದವನ್ನು ಬಿಟ್ಟುಕೊಟ್ಟವನಿಗೆ ಕುಟುಂಬದ ಮಟ್ಟದಲ್ಲಿ ಸಿಗುವುದನ್ನು ನೋಡಿ. ಮೊಟ್ಟೆಯ ಗಂಟನ್ನು ತಾಯಿ ಹೇಗೆ ಹೊತ್ತಿದ್ದಾಳೆ ಎಂಬುದೊಂದನ್ನೇ ತೆಗೆದುಕೊಳ್ಳಿ. ಬಚ್ಚಲಮನೆ ಗೋಡೆಯ ಮೇಲೆ ಅಂಗೈಯಗಲ ಕಾಲು ಚಾಚಿ ಕೂತ ಕಂದು ಜೇಡ ಚಪ್ಪಟೆ ಬಿಳಿ ಗಂಟನ್ನು ಎದೆಯಡಿ ಅವುಚಿಕೊಂಡಿದ್ದರೆ ಅದು ಬೇಟೆಗಾರ ಜೇಡ. ಮೂಲೆಯ ಧೂಳುಬಲೆಯಲ್ಲಿ ಕೂದಲಿನಷ್ಟು ಸಣ್ಣ ಕಾಲಿನ ಜೇಡ ಮೊಟ್ಟೆಗಳನ್ನು ಬಾಯಲ್ಲಿ ಕಚ್ಚಿ ನೇತಾಡುತ್ತಿದ್ದರೆ ಅದು ಫೋಲ್ಸಿಡೇ ಕುಟುಂಬದ್ದು. ದುಂಡನೆಯ ಗಂಟನ್ನು ಹಿಂಭಾಗದ ನೂಲು ಬರುವ ಜಾಗಕ್ಕೆ ಅಂಟಿಸಿಕೊಂಡು ನೆಲದ ಮೇಲೆ ಓಡುತ್ತಿದ್ದರೆ ತೋಳ ಜೇಡ. ಸೂಕ್ಷ್ಮದರ್ಶಕ ಬೇಡ, ಆ್ಯಪ್ ಬೇಡ, ತಾಳ್ಮೆಯಿಂದ ನೋಡಿದರೆ ಆಯಿತು.

ತೋಳ ಜೇಡವನ್ನು ನೋಡಬೇಕಾದದ್ದು ರಾತ್ರಿ. ಟಾರ್ಚನ್ನು ಸೊಂಟದ ಬಳಿ ಹಿಡಿದರೆ ಏನೂ ಕಾಣದು. ಹಣೆಗೆ, ಕಣ್ಣಿನ ಮಟ್ಟಕ್ಕೆ ತರಬೇಕು. ಅವುಗಳ ಕಣ್ಣಿನ ಒಳಪದರ ಬೆಳಕನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ, ಹಾಗಾಗಿ ಬೆಳಕೂ ನಮ್ಮ ಕಣ್ಣೂ ಒಂದೇ ಗೆರೆಯಲ್ಲಿರಬೇಕು. ಆಗ ಹುಲ್ಲಿನ ನಡುವೆ, ಗದ್ದೆಯ ಬದುವಿನ ಮೇಲೆ ಇಬ್ಬನಿಯೇನೋ ಎಂದು ಅನುಮಾನಿಸುವಂಥ ಹಸಿರು ಚುಕ್ಕಿಗಳು ಮಿನುಗುತ್ತವೆ. ಒಂದನ್ನು ಬಿಡದೆ ನೋಡುತ್ತ ಹತ್ತಿರ ಹೋದರೆ ಚುಕ್ಕಿಗೆ ಕಾಲು ಮೂಡುತ್ತದೆ. ಕೆಲವು ಸಲ ಒಂದೇ ಜಾಗದಲ್ಲಿ ಚುಕ್ಕಿಗಳ ಗುಂಪೇ ಇರುತ್ತದೆ: ಮೊಟ್ಟೆಯೊಡೆದ ಮರಿಗಳು ತಾಯಿಯ ಬೆನ್ನ ಮೇಲೆ ಒಂದರ ಮೇಲೊಂದು ಹತ್ತಿ ಕೂತಿರುತ್ತವೆ, ಪ್ರತಿ ಮರಿಯ ಕಣ್ಣೂ ಬೇರೆ ಬೇರೆಯಾಗಿ ಹೊಳೆಯುತ್ತಿರುತ್ತದೆ. ಮರಿಗಳು ಎಷ್ಟು ದಿನ ಬೆನ್ನ ಮೇಲೆ ಇರುತ್ತವೆ, ಯಾವ ಮಳೆಯ ಸುಮಾರಿಗೆ ಇಂಥ ತಾಯಂದಿರು ಹೆಚ್ಚು, ನೀರು ಕಟ್ಟಿದ ಗದ್ದೆಯಲ್ಲಿ ಅವು ಎತ್ತ ಸರಿಯುತ್ತವೆ ಎಂದು ಒಂದೇ ಬದುವನ್ನು ವರ್ಷವಿಡೀ ನೋಡಿದವನು ಬರೆದಿಟ್ಟರೆ, ನೂರು ಕಾಡು ಸುತ್ತಿ ನೂರು ಹೆಸರು ಕೂಡಿಸಿದವನ ಪಟ್ಟಿಗಿಂತ ಅದನ್ನು ನಾನು ಮೇಲಿಡುತ್ತೇನೆ.

ಹೆಸರಿನ ಅವಸರ ನಮ್ಮಿಂದ ಏನನ್ನು ಕಸಿಯುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಮಾವಿನ ಮರದಲ್ಲೋ ಗೇರು ಮರದಲ್ಲೋ ಸಿಗುತ್ತದೆ. ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗಳ ಸಾಲನ್ನು ಸುಮ್ಮನೆ ನೋಡುತ್ತ ನಿಲ್ಲಿ (ಕಚ್ಚದಷ್ಟು ದೂರದಲ್ಲಿ). ಅದೇ ಕೆಂಗಿತ್ತಳೆ ಬಣ್ಣದ, ಅದೇ ಉದ್ದದ ಒಂದು 'ಇರುವೆ' ಸಾಲಿನ ಅಂಚಿನಲ್ಲಿ ಓಡಾಡುತ್ತಿರುತ್ತದೆ, ಆದರೆ ಬೇರೆ ಇರುವೆಗಳು ಎದುರಾದಾಗ ಮೀಸೆ ತಾಗಿಸದೆ ಪಕ್ಕಕ್ಕೆ ಸರಿಯುತ್ತದೆ. ಅದರ ಮೀಸೆ ಎಂದುಕೊಂಡದ್ದು ಮೇಲೆತ್ತಿದ ಮುಂಗಾಲುಗಳು. ಬೆರಳು ಹತ್ತಿರ ಒಯ್ದರೆ ಎಳೆಯೊಂದನ್ನು ಬಿಟ್ಟು ಕೆಳಕ್ಕೆ ಇಳಿಯುತ್ತದೆ. ಯಾವ ಇರುವೆಯೂ ನೂಲು ಬಿಟ್ಟು ನೇತಾಡದು. ಇದು ಮಿರ್ಮಪ್ಲಾಟಾ ಎಂಬ ನೆಗೆಯುವ ಜೇಡ. ಇದರ ಗಂಡಿಗೆ ದವಡೆಗಳು ಎಷ್ಟು ಮುಂದಕ್ಕೆ ಚಾಚಿರುತ್ತವೆ ಎಂದರೆ, ಒಂದು ಇರುವೆ ಇನ್ನೊಂದು ಚಿಕ್ಕ ಇರುವೆಯನ್ನು ಹೊತ್ತು ಸಾಗುತ್ತಿರುವ ಹಾಗೆ ಕಾಣುತ್ತದೆ. ಚಗಳಿಯ ತಂಟೆಗೆ ಹೋಗಲು ಹೆದರುವ ಶತ್ರುಗಳು ಇದನ್ನೂ ಬಿಟ್ಟುಬಿಡುತ್ತವೆ. ವೇಷ ಇರುವುದು ಅಡಗಲು. ಅದೇ ಮರದಲ್ಲಿ ಇನ್ನೊಂದು ವೇಷಧಾರಿಯೂ ಸಿಗಬಹುದು: ಅಮಿಸಿಯಾ ಕುಲದ ಏಡಿ ಜೇಡ. ಅದರ ಹೊಟ್ಟೆಯ ಹಿಂತುದಿಯಲ್ಲಿ ಎರಡು ಕಪ್ಪು ಚುಕ್ಕಿಗಳಿದ್ದು, ಹಿಂಭಾಗವೇ ಇರುವೆಯ ತಲೆಯಂತೆ ತೋರುತ್ತದೆ. ಇದು ಬಂದಿರುವುದು ಚಗಳಿಯನ್ನೇ ತಿನ್ನಲು. ಒಂಟಿ ಇರುವೆ ಹತ್ತಿರ ಬರುವುದನ್ನೇ ಕಾದು ಹಿಡಿಯುತ್ತದೆ. ಒಂದೇ ಇರುವೆಯ ಎರಡು ನಕಲು, ಒಂದು ಬದುಕಿಕೊಳ್ಳಲು, ಇನ್ನೊಂದು ಕೊಲ್ಲಲು. ಫೋಟೊ ತೆಗೆದು ಹೆಸರು ಕೇಳಿ ಹೊರಟವನಿಗೆ ಎರಡು ಹೆಸರು ಸಿಗುತ್ತವೆ, ಈ ವ್ಯತ್ಯಾಸ ಸಿಗುವುದಿಲ್ಲ.

ಇಲ್ಲಿ ಎದುರಾಳಿಯ ವಾದವನ್ನೂ ಕೇಳಬೇಕು. ಹೆಸರಿಲ್ಲದೆ ಜ್ಞಾನ ಹೇಗೆ ಕೂಡಿಬರುತ್ತದೆ? ನಾನು ಬದುವಿನ ಮೇಲೆ ನೋಡಿದ್ದೂ ಇನ್ನೊಬ್ಬರು ಮಂಡ್ಯದಲ್ಲಿ ನೋಡಿದ್ದೂ ಒಂದೇ ಪ್ರಾಣಿಯೇ ಎಂದು ಗೊತ್ತಾಗದಿದ್ದರೆ ಎರಡೂ ಟಿಪ್ಪಣಿ ಬಿಡಿಬಿಡಿಯಾಗಿ ಕೊಳೆಯುತ್ತವಲ್ಲ? ಮಾತು ನಿಜ. ಗುರುತಿಸುವಿಕೆ ಎಷ್ಟು ಮುಖ್ಯವೆಂದು ತಿಳಿಯಲು ನಮ್ಮ ಚರ್ಮರೋಗವೊಂದನ್ನೇ ನೋಡಬಹುದು. ಬೆಳಗ್ಗೆ ಎದ್ದಾಗ ಕುತ್ತಿಗೆಯ ಮೇಲೆ ಗೆರೆ ಎಳೆದಂತೆ ಉರಿ, ಗುಳ್ಳೆ ಕಂಡರೆ ಜೇಡ ಹರಿದಿದೆ ಅನ್ನುತ್ತೇವೆ. ಹೀಗೆ ಗೆರೆಯಾಗಿ ಏಳುವ ಗುಳ್ಳೆಗೆ ಎಷ್ಟೋ ಸಲ ಕಾರಣವಾಗುವುದು ಪೆಡೆರಸ್ ಎಂಬ ಕಿತ್ತಳೆ ಕಪ್ಪು ಪಟ್ಟೆಯ ಸಣ್ಣ ಜೀರುಂಡೆ. ಮಳೆಯ ನಂತರ ಟ್ಯೂಬ್‌ಲೈಟಿಗೆ ಬರುತ್ತದೆ, ಮೈಮೇಲೆ ಕೂತಾಗ ನಿದ್ದೆಗಣ್ಣಲ್ಲಿ ಉಜ್ಜಿಬಿಡುತ್ತೇವೆ, ಅದರ ದೇಹದ್ರವದ ವಿಷ ಚರ್ಮವನ್ನು ಸುಡುತ್ತದೆ. ಅಪರಾಧಿ ಒಬ್ಬ, ಪೊರಕೆಯ ಏಟು ಇನ್ನೊಬ್ಬನಿಗೆ. ಆದರೆ ಗಮನಿಸಿ: ಈ ಅನ್ಯಾಯ ಸರಿಪಡಿಸಲು ಪೆಡೆರಸ್‌ನ ಪ್ರಭೇದ ಯಾವುದು, ಗೋಡೆಯ ಜೇಡದ ಪ್ರಭೇದ ಯಾವುದು ಎಂಬ ಗೊಡವೆಯೇ ಬೇಕಿಲ್ಲ. ಎಂಟು ಕಾಲಿನದು ಯಾವುದು, ಆರು ಕಾಲಿನದು ಯಾವುದು ಎಂದು ತಿಳಿದರೆ ಅರ್ಧ ತೀರ್ಪು ಬಂದಂತೆ. ಎಷ್ಟು ಆಳಕ್ಕೆ ಗುರುತಿಸಬೇಕು ಎಂಬುದನ್ನು ನಿರ್ಧರಿಸಬೇಕಾದದ್ದು ನಮ್ಮ ಮುಂದಿರುವ ಪ್ರಶ್ನೆ.

ಇದನ್ನು ಒಂದು ದೇಶ ಗದ್ದೆಯಲ್ಲೇ ಕಲಿಯಿತು. 1970ರ ದಶಕದಿಂದ ಇಂಡೊನೇಷ್ಯಾದ ಭತ್ತದ ಬೆಳೆಗೆ ಕಂದು ಜಿಗಿಹುಳು ಮತ್ತೆ ಮತ್ತೆ ಮುತ್ತಿತು. ಸರ್ಕಾರ ಸಬ್ಸಿಡಿ ಕೊಟ್ಟು ಕೀಟನಾಶಕ ಹಂಚಿತು. ಹೊಡೆದಷ್ಟೂ ಹುಳು ಹೆಚ್ಚಿತು. ಕಾರಣ ಸರಳ. ಜಿಗಿಹುಳು ಇರುವುದು ಪೈರಿನ ಬುಡದಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ. ಅದನ್ನು ಅಲ್ಲೇ ಬೇಟೆಯಾಡುತ್ತಿದ್ದುದು ತೋಳ ಜೇಡ. ಔಷಧಿ ಬಿದ್ದಾಗ ಜೇಡವೂ ಬೇರೆ ಬೇಟೆಗಾರ ಕೀಟಗಳೂ ಸತ್ತವು. ಹುಳುವಿನ ಮೊಟ್ಟೆ ಪೈರಿನ ಅಂಗಾಂಶದೊಳಗೆ ಭದ್ರವಾಗಿತ್ತು. ಒಡೆದು ಹೊರಬಂದ ಮರಿಗಳಿಗೆ ಶತ್ರುವೇ ಇರಲಿಲ್ಲ. 1986ರಲ್ಲಿ ಅಧ್ಯಕ್ಷ ಸುಹಾರ್ತೊ ಭತ್ತಕ್ಕೆ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿದರು. 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಹೊಲಶಾಲೆಗಳು ಶುರುವಾದವು. ರೈತರು ವಾರಕ್ಕೊಮ್ಮೆ ಗದ್ದೆಗಿಳಿದು, ಬುಡಗಳನ್ನು ಬಿಡಿಸಿ ಹುಳು ಎಷ್ಟು, ಜೇಡ ಎಷ್ಟು ಎಂದು ಎಣಿಸಿ, ದೊಡ್ಡ ಹಾಳೆಯ ಮೇಲೆ ಪೈರಿನ ಚಿತ್ರ ಬರೆದು ಒಂದು ಬದಿ ಕೀಟ, ಇನ್ನೊಂದು ಬದಿ ಅದರ ಶತ್ರುಗಳನ್ನು ಬಿಡಿಸುತ್ತಿದ್ದರು. ಯಾವುದು ಯಾವುದನ್ನು ತಿನ್ನುತ್ತದೆ ಎಂಬ ಅನುಮಾನ ಬಂದರೆ ಎರಡನ್ನೂ ಒಂದು ಜಾಡಿಯಲ್ಲಿ ಕೂಡಿ ಕಾದು ನೋಡುತ್ತಿದ್ದರು. ಈ ಶತಮಾನದ ಅತ್ಯಂತ ಉಪಯುಕ್ತ ಜೇಡ ವೀಕ್ಷಣೆ ಎಂದು ಯಾವುದನ್ನಾದರೂ ಆರಿಸಬೇಕಾದರೆ ನಾನು, ಶತಮಾನ ಒಂದು ದಶಕ ಆಚೀಚೆಯಾದರೂ, ಇದನ್ನೇ ಆರಿಸುತ್ತೇನೆ. ಅವರಲ್ಲಿ ಯಾರೂ ಲ್ಯಾಟಿನ್ ಹೆಸರು ಕಲಿಯಬೇಕಾಗಿರಲಿಲ್ಲ. ಗಂಗಾವತಿ, ಸಿಂಧನೂರಿನ ಅಚ್ಚುಕಟ್ಟಿನಲ್ಲೂ ಜಿಗಿಹುಳುವಿನ ಕಾಟವಿದೆ, ಸಿಂಪಡಣೆಯೂ ಇದೆ. ಅಲ್ಲಿನ ಶಾಲೆಯ ಮಕ್ಕಳಿಗೆ ಗದ್ದೆಯ ಬುಡ ಬಿಡಿಸಿ ಜೇಡ ಎಣಿಸುವುದನ್ನು ಕಲಿಸಲು ಏನು ಖರ್ಚು?

ಪ್ರಭೇದದ ಹೆಸರೇ ಬೇಕಾಗುವ ಪ್ರಶ್ನೆಗಳೂ ಇವೆ, ಆಗ ಅದಕ್ಕೆ ತಕ್ಕ ಬೆಲೆ ಕೊಡಬೇಕಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಕಾನಿನಲ್ಲಿ ಸಿಕ್ಕ ಒಂದು ಜೇಡವನ್ನು 2016ರಲ್ಲಿ ಜಾವೇದ್ ಅಹ್ಮದ್, ರಾಜಶ್ರೀ ಖಾಲಪ್ ಮತ್ತು ಸುಮುಖ ಜೆ. ಎನ್. ವಿವರಿಸಿದರು. ಏಳು ಮಿಲಿಮೀಟರಿನ ಹೆಣ್ಣು. ಹೊಟ್ಟೆ ಮೊನಚಾಗಿ ಬಾಗಿ, ಒಣಗಿದ ಎಲೆಯ ಚೂರಿನಂತೆ ಕಾಣುತ್ತದೆ. ಹ್ಯಾರಿ ಪಾಟರ್ ಕತೆಯ ಮಾತಾಡುವ ಟೋಪಿಯ ಆಕಾರವೂ ಅದೇ ಆದ್ದರಿಂದ ಆ ಟೋಪಿಯ ಮೂಲ ಒಡೆಯನ ಹೆಸರು ಸೇರಿಸಿ ಎರಿಯೊವಿಕ್ಸಿಯಾ ಗ್ರಿಫಿಂಡೋರಿ ಎಂದರು. ಸುದ್ದಿ ಜಗತ್ತೆಲ್ಲ ಓಡಾಡಿತು. ಸಚಿನ್ ತೆಂಡೂಲ್ಕರ್ ಹೆಸರಿನ ಜೇಡ 2019ರಲ್ಲಿ ಬಂತು, ಮುಂಬೈ ದಾಳಿಯಲ್ಲಿ ಪ್ರಾಣ ಕೊಟ್ಟ ಪೊಲೀಸ್ ತುಕಾರಾಮ್ ಓಂಬ್ಳೆ ಹೆಸರಿನದು 2021ರಲ್ಲಿ. ಇಂಥ ಹೆಸರುಗಳ ಬಗ್ಗೆ ನನಗೆ ಮುನಿಸಿಲ್ಲ, ಜನ ಒಮ್ಮೆಯಾದರೂ ತಿರುಗಿ ನೋಡಲಿ. ಆದರೆ ಸುದ್ದಿ ಓದಿದವರಲ್ಲಿ ಕಾನು ಎಂದರೆ ಏನು, ಅಲ್ಲಿನ ಒಣ ಎಲೆಗಳನ್ನು ಗುಡಿಸಿ ಒಯ್ದರೆ ಎಲೆಯ ವೇಷ ಹಾಕುವ ಜೇಡದ ಗತಿ ಏನು ಎಂದು ಕೇಳಿದವರು ಎಷ್ಟು ಮಂದಿ?

ಹೀಗೆ ಹೊಸ ಪ್ರಭೇದವೆಂದು ಹೇಳಲು ಸಾಮಾನ್ಯವಾಗಿ ಜೇಡವನ್ನು ಹಿಡಿದು, ಆಲ್ಕೋಹಾಲಿನಲ್ಲಿ ಮುಳುಗಿಸಿ, ಅಂಗ ಬಿಡಿಸಿ ನೋಡಬೇಕು. ಮಾದರಿಯನ್ನು ಅಧಿಕೃತ ಭಂಡಾರದಲ್ಲಿ ಇಡಬೇಕೆಂದು 2002ರ ಜೀವವೈವಿಧ್ಯ ಕಾಯ್ದೆಯೂ ಹೇಳುತ್ತದೆ. ಹವ್ಯಾಸಿಗಳಲ್ಲಿ ಅನೇಕರಿಗೆ ಇದು ಹಿಂಸೆಯಾಗಿ ಕಾಣುತ್ತದೆ. ಕೊಲ್ಲಲು ಮನಸ್ಸು ಬಾರದವರ ಬಗ್ಗೆ ನನಗೆ ಗೌರವವಿದೆ, ಅವರು ಕುಲದ ಮಟ್ಟದಲ್ಲಿ ನಿಲ್ಲಲಿ. ಕೊಲ್ಲುವುದನ್ನೂ ಖಂಡಿಸಿ, ಪ್ರಭೇದದ ಹೆಸರನ್ನೂ ಕೇಳುವ ನಿಲುವು ಮಾತ್ರ ಒಪ್ಪುವಂಥದ್ದಲ್ಲ. ಪರವಾನಗಿ ಪಡೆದು, ಬೇಕಾದಷ್ಟೇ ತೆಗೆದು, ಸರಿಯಾಗಿ ದಾಖಲಿಸಿದ ಒಂದು ಮಾದರಿ ಮುಂದಿನ ನೂರು ವರ್ಷದ ನೋಡುಗರಿಗೆಲ್ಲ ಆಧಾರವಾಗುತ್ತದೆ. ನಮ್ಮ ಒಂದು ಸುತ್ತಿನ ಮನೆ ಫಾಗಿಂಗು ಅದಕ್ಕಿಂತ ಎಷ್ಟೋ ಹೆಚ್ಚು ಜೇಡಗಳನ್ನು ಕೊಲ್ಲುತ್ತದೆ, ಯಾವ ದಾಖಲೆಯೂ ಇಲ್ಲದೆ.

ಹೆಸರಿಗಿಂತ ಅಪಾಯಕಾರಿಯಾದದ್ದು ಹೆಸರಿನ ಜೊತೆ ಬರುವ ವಿಳಾಸ. ನಮ್ಮ ಬಳ್ಳಾರಿಯಿಂದ ದೂರವಿಲ್ಲದ ಗುತ್ತಿಯ ರೈಲ್ವೆ ಮರದ ದಾಸ್ತಾನಿನಲ್ಲಿ ಸಿಕ್ಕ ಒಂದು ನೀಲಿ ಟ್ಯಾರಂಟುಲಾವನ್ನು ಪೋಕಾಕ್ 1899ರಲ್ಲಿ ವಿವರಿಸಿದ. ಬಹುಶಃ ಮರದ ದಿಮ್ಮಿಗಳ ಜೊತೆ ರೈಲಿನಲ್ಲಿ ಬಂದದ್ದು. ಆಮೇಲೆ ಒಂದು ಶತಮಾನ ಅದರ ಪತ್ತೆ ಇರಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಸ್ವಲ್ಪ ಸಮಯದಲ್ಲೇ ಅಮೆರಿಕ, ಯುರೋಪಿನ ಸಾಕುಪ್ರಾಣಿ ಮಾರುಕಟ್ಟೆಯಲ್ಲಿ ಅದು ಕಾಣಿಸಿಕೊಂಡಿತು. 100 ಚದರ ಕಿಲೋಮೀಟರಿಗಿಂತ ಕಡಿಮೆ ನೆಲೆಯಲ್ಲಿ ಉಳಿದ ಆ ಜೇಡ ಇಂದು ಅಳಿವಿನ ಅತ್ಯಂತ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಅದರ ಸೋದರ ಪ್ರಭೇದ ಪೀಸಿಲೊಥೀರಿಯಾ ಸ್ಟ್ರಯಾಟಾಗೆ ಮೈಸೂರಿನ ಹೆಸರೇ ರೂಢಿಯಲ್ಲಿದೆ. ಇಡೀ ಕುಲವನ್ನು 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಿದರು. ಮರದ ಪೊಟರೆಯಲ್ಲಿ ಇಂಥದ್ದೊಂದು ಕಂಡವನು ಜಿಪಿಎಸ್ ಗುರುತಿನ ಸಮೇತ ಫೋಟೊ ಹಂಚುವುದು ಎಂದರೆ ಕಳ್ಳನಿಗೆ ದಾರಿ ತೋರಿಸಿದ ಹಾಗೆಯೇ. ತಾಲ್ಲೂಕಿನ ಹೆಸರೂ ಬೇಡ, ಜಿಲ್ಲೆ ಸಾಕು. ಉತ್ಸಾಹಿಗಳ ಕೂಟಗಳಲ್ಲಿ ಇದನ್ನು ಸಭ್ಯತೆಯ ಮಾತಾಗಿ ಉಳಿಸದೆ ನಿಯಮವಾಗಿ ಮಾಡಬೇಕು.

ಕನ್ನಡದಲ್ಲಿ ಜೇಡಗಳ ಕೈಪಿಡಿ ಬೇಕು ಎಂಬ ಮಾತು ಆಗಾಗ ಬರುತ್ತದೆ. ಬರಲಿ, ಆದರೆ ಹಕ್ಕಿ ಪುಸ್ತಕದ ಅಚ್ಚಿನಲ್ಲಿ, ಪುಟಕ್ಕೊಂದು ಪ್ರಭೇದ, ಪಕ್ಕದಲ್ಲಿ ಗುರುತು ಹಾಕಲು ಚೌಕ ಎಂಬಂತೆ ಬರುವುದು ಬೇಡ. ಮೊದಲ ಭಾಗ ಮನೆಯ ಗೋಡೆ, ಎರಡನೆಯದು ಬೇಲಿ ಮತ್ತು ಹೂಗಿಡ, ಮೂರನೆಯದು ಗದ್ದೆ, ಆಮೇಲೆ ಕಾಡು ಎಂದು ಜಾಗದ ಪ್ರಕಾರ ಜೋಡಿಸಲಿ. ಬಲೆ ಇದೆಯೇ, ಇದ್ದರೆ ಚಕ್ರವೋ ಹಾಳೆಯೋ ಕೊಳವೆಯೋ, ಕಣ್ಣುಗಳು ಎಷ್ಟು ಸಾಲಿನಲ್ಲಿವೆ, ಮೊಟ್ಟೆ ಎಲ್ಲಿಟ್ಟಿದೆ ಎಂಬ ಪ್ರಶ್ನೆಗಳಿಂದ ಕುಟುಂಬಕ್ಕೆ ಕರೆದೊಯ್ಯಲಿ. ಅಪರೂಪಕ್ಕೆ ಚಿತ್ರದಿಂದಲೇ ಹೇಳಬಹುದಾದ ದೈತ್ಯ ಮರಜೇಡದಂಥವು ಬಂದಾಗ ಮಾತ್ರ ಪ್ರಭೇದ ಬರೆಯಲಿ. ಉಳಿದ ಕಡೆ "ಇದಕ್ಕಿಂತ ಮುಂದೆ ಫೋಟೊದಿಂದ ಹೇಳಲಾಗದು" ಎಂದು ದಪ್ಪ ಅಕ್ಷರದಲ್ಲೇ ಅಚ್ಚಾಗಲಿ. ಚೌಕದ ಜಾಗದಲ್ಲಿ ಎರಡು ಖಾಲಿ ಗೆರೆ ಬಿಟ್ಟರೆ, ಆ ಹೊತ್ತಿಗೆ ಅದು ಏನು ತಿನ್ನುತ್ತಿತ್ತು ಎಂದು ಬರೆಯಲು ಸಾಕಾಗುತ್ತದೆ.